ಮನೆಯವರು ನೋಡ್ಕೋತಾರೆ ಬಿಡಿ!

ಜವಾಬ್ದಾರಿಯಿಂದ ಕೈ ತೊಳ್ಕೊಳ್ಳೋಕೆ ನಮ್ಮ ದೇಶದಲ್ಲಿ ಒಂದು ಚಂದದ ವಾಕ್ಯ ಇದೆ. "ಮನೆಯವರು ನೋಡ್ಕೋತಾರೆ ಬಿಡಿ." ಆಸ್ಪತ್ರೆಯಲ್ಲಿ ನರ್ಸ್ ಕಡಿಮೆ ಇದ್ದರೆ ಮನೆಯವರು ನೋಡ್ಕೋತಾರೆ. ವೃದ್ಧಾಪ್ಯ ಪಿಂಚಣಿ ಮಾತ್ರೆಗೂ ಸಾಲದಿದ್ದರೆ ಮನೆಯವರು ನೋಡ್ಕೋತಾರೆ. ಕಾಲೇಜಿನ ಹುಡುಗನೊಬ್ಬ ಮೂರು ವಾರದಿಂದ ಕ್ಲಾಸಿಗೆ ಬಂದಿಲ್ಲ, ಹಾಸ್ಟೆಲ್ ರೂಮಿನ ಬಾಗಿಲು ತೆಗೀತಿಲ್ಲ ಅಂದ್ರೆ? ಅವರಪ್ಪನಿಗೆ ಫೋನ್ ಮಾಡಿ, ಬಂದು ಕರ್ಕೊಂಡು ಹೋಗ್ಲಿ, ಮನೆಯವರು ನೋಡ್ಕೋತಾರೆ.

ಈ ಮಾತನ್ನ ಇಡೀ ವ್ಯವಸ್ಥೆ ಒಕ್ಕೊರಲಿನಿಂದ ಹೇಳಿದ್ದು 2020ರ ಮಾರ್ಚ್‌ನಲ್ಲಿ. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲೇ ಆಗಿತ್ತು. ಅದಾದ ಕೆಲವೇ ದಿನಕ್ಕೆ ರಾಜ್ಯದ ಕಾಲೇಜುಗಳು ಮುಚ್ಚಿದವು, ಹಾಸ್ಟೆಲ್ ಖಾಲಿ ಮಾಡಿ ಅಂದರು, ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಒಂದು ವಾರದ ರಜೆ ಅಂದ್ಕೊಂಡು ಎರಡು ಜೊತೆ ಬಟ್ಟೆ ತುಂಬ್ಕೊಂಡು ಊರಿಗೆ ಹೋದ ಹುಡುಗರು ತಿಂಗಳುಗಟ್ಟಲೆ ಅಲ್ಲೇ ಉಳಿದರು. ಪುಸ್ತಕ ಹಾಸ್ಟೆಲ್‌ನಲ್ಲಿ, ತಾವು ಊರಲ್ಲಿ, ಪರೀಕ್ಷೆ ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಇವರ ಮನಸ್ಸಿನ ಕತೆ ಏನು ಅಂತ ಯಾರಾದ್ರೂ ಕೇಳಿದರೆ ಉತ್ತರ ರೆಡಿ ಇತ್ತು: ಮನೇಲೇ ಇದ್ದಾರಲ್ಲ, ಫ್ಯಾಮಿಲಿ ಸಪೋರ್ಟ್ ಇದೆ, ಇನ್ನೇನು ಬೇಕು?

ಇನ್ನೇನು ಬೇಕು ಅಂತ ಹೇಳ್ತೀನಿ ಕೇಳಿ.

ಫ್ಯಾಮಿಲಿ ಸಪೋರ್ಟ್ ಅನ್ನೋದನ್ನ ನಾವು ಸಂಸ್ಕೃತಿಯ ಜೊತೆ ಪುಕ್ಕಟೆ ಬಂದ ಸವಲತ್ತು ಅಂತ ತಿಳ್ಕೊಂಡಿದ್ದೀವಿ. ಅದಕ್ಕೂ ಬಂಡವಾಳ ಬೇಕು. ಜಾಗ ಬೇಕು, ದುಡ್ಡು ಬೇಕು, ಪುರುಸೊತ್ತು ಬೇಕು, ಏನಾಗ್ತಿದೆ ಅನ್ನೋ ತಿಳುವಳಿಕೆ ಬೇಕು. ಇವು ಇಲ್ಲದ ಮನೆಗೆ ಒಬ್ಬ ಕುಗ್ಗಿಹೋದ ವಿದ್ಯಾರ್ಥಿಯನ್ನ ಕಳಿಸಿ 'ಸಪೋರ್ಟ್ ಮಾಡಿ' ಅನ್ನೋದು ಬೆಂಬಲ ಕೊಟ್ಟ ಹಾಗಲ್ಲ, ಹೊರೆ ದಾಟಿಸಿದ ಹಾಗೆ.

ಮೊದಲು ಲೆಕ್ಕ ನೋಡೋಣ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಮನೆಗಳಲ್ಲಿ ಇಂಟರ್ನೆಟ್ ಸೌಲಭ್ಯ ಇದ್ದದ್ದು ಶೇ. 15ರಷ್ಟಕ್ಕೆ. ಕಂಪ್ಯೂಟರ್ ಇದ್ದದ್ದು ಶೇ. 4.4ಕ್ಕೆ. ನಗರದ ಮನೆಗಳಲ್ಲಿ ಶೇ. 42 ಮತ್ತು ಶೇ. 23ರಷ್ಟು. ಇದಾಗಿ ಎರಡೇ ವರ್ಷಕ್ಕೆ ಆನ್‌ಲೈನ್ ಕ್ಲಾಸ್ ಬಂತು. ಗುಡ್ಡದ ಮೇಲೆ, ನೀರಿನ ಟ್ಯಾಂಕ್ ಹತ್ತಿರ ಕೊಡೆ ಹಿಡ್ಕೊಂಡು ಕೂತ ಮಲೆನಾಡಿನ ಹುಡುಗರ ಫೋಟೋ ಪೇಪರಲ್ಲಿ ನೋಡಿ ನಾವೆಲ್ಲ 'ಎಂಥಾ ಛಲ' ಅಂತ ಶೇರ್ ಮಾಡಿದ್ವಿ. ಅದು ಛಲದ ಫೋಟೋ ಆಗಿರಲಿಲ್ಲ ಸ್ವಾಮಿ, ಟವರ್ ಇಲ್ಲದ ಫೋಟೋ.

ಆದ್ರೆ ನೆಟ್‌ವರ್ಕ್ ಸಮಸ್ಯೆ ಕಣ್ಣಿಗೆ ಕಾಣುತ್ತೆ, ಫೋಟೋ ತೆಗೀಬಹುದು. ಕಾಣದೇ ಇದ್ದದ್ದು ಮನೆಯೊಳಗಿನ ಜಾಗದ ಸಮಸ್ಯೆ. ನಮ್ಮ ಕಡೆ ಮನೆ ಅಂದ್ರೆ ಒಂದು ನಡುಮನೆ, ಒಂದು ಅಡುಗೆಮನೆ, ಇರೋ ಒಂದು ಕೋಣೆಯಲ್ಲಿ ರಾಗಿ ಮೂಟೆ, ಗೊಬ್ಬರದ ಚೀಲ. ಹಾಸ್ಟೆಲ್‌ನಲ್ಲಿ ತನ್ನದೇ ಅಂತ ಒಂದು ಮಂಚ, ಒಂದು ಕಪಾಟು, ರಾತ್ರಿ ಹನ್ನೊಂದಕ್ಕೆ ಟೀಗೆ ಬರೋ ನಾಲ್ಕು ಗೆಳೆಯರು ಇದ್ದ ಹುಡುಗ ಈಗ ತಾತನ ಕೆಮ್ಮಿಗೂ ಟೀವಿಯ 'ಇಂದಿನ ಸೋಂಕಿತರು' ಪಟ್ಟಿಗೂ ಮಧ್ಯೆ ಚಾಪೆ ಹಾಸ್ಕೋಬೇಕು. ಅಳೋದಕ್ಕೂ ಒಂದು ಜಾಗ ಬೇಕು. ಎಷ್ಟೋ ಮನೆಗಳಲ್ಲಿ ಅದಕ್ಕೆ ಇದ್ದದ್ದು ಬಚ್ಚಲು ಮಾತ್ರ.

ಹೆಣ್ಣುಮಕ್ಕಳ ಕತೆ ಇನ್ನೊಂದು. ಹತ್ತು ಗಂಟೆಗೆ ಕ್ಲಾಸು, ಹತ್ತು ಗಂಟೆಗೇ ಪಾತ್ರೆ. ಇಯರ್‌ಫೋನ್ ಒಂದು ಕಿವಿಯಲ್ಲಿ, ಅಮ್ಮನ ಕೂಗು ಇನ್ನೊಂದು ಕಿವಿಯಲ್ಲಿ. ಅದರ ಮೇಲೆ 2020ರ ಮೇ ತಿಂಗಳಿಂದ ಮದುವೆಗೆ ಐವತ್ತೇ ಜನ ಅನ್ನೋ ನಿಯಮ ಬಂತು. ನಮಗೆ ಅದು ಆರೋಗ್ಯದ ನಿಯಮ. ಹಳ್ಳಿಯ ಅಪ್ಪನಿಗೆ ಅದು ಛತ್ರ, ಊಟ, ವಾಲಗ ಎಲ್ಲದರಲ್ಲೂ ಲಕ್ಷಗಟ್ಟಲೆ ಉಳಿಸೋ ಅವಕಾಶ. ಫೈನಲ್ ಇಯರ್ ಡಿಗ್ರಿ ಓದ್ತಿದ್ದ ಹುಡುಗಿಗೆ ನಿಜವಾದ ಕ್ರೈಸಿಸ್ ವೈರಸ್ ಆಗಿರಲಿಲ್ಲ, ಪಡಸಾಲೆಯಲ್ಲಿ ನಡೀತಿದ್ದ ಈ ಲೆಕ್ಕಾಚಾರ.

ಇನ್ನು ಪರೀಕ್ಷೆ. ನಡೆಯುತ್ತೆ, ನಡೆಯಲ್ಲ, ಪಾಸ್ ಮಾಡ್ತಾರೆ, ಮಾಡಲ್ಲ. ಸೆಪ್ಟೆಂಬರ್ ಕೊನೆಯೊಳಗೆ ಫೈನಲ್ ಇಯರ್ ಪರೀಕ್ಷೆ ಮುಗಿಸಲೇಬೇಕು ಅಂತ ಯುಜಿಸಿ ಹೇಳಿದ್ದು ಜುಲೈ 6ಕ್ಕೆ. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ತೀರ್ಪು ಬಂದದ್ದು ಆಗಸ್ಟ್ 28ಕ್ಕೆ. ಅಷ್ಟೂ ದಿನ ಆ ಮಕ್ಕಳು ಓದಬೇಕೋ ಬಿಡಬೇಕೋ ಗೊತ್ತಿಲ್ಲದೆ ಕಾಲ ಕಳೆದರು. ಅತ್ತ ಕ್ಯಾಂಪಸ್‌ನಲ್ಲಿ ಆಫರ್ ಕೊಟ್ಟ ಕಂಪನಿಗಳ ಜಾಯಿನಿಂಗ್ ಡೇಟ್ ಮುಂದಕ್ಕೆ ಹೋಗ್ತಾನೇ ಇತ್ತು. ಇತ್ತ ಅಪ್ಪ ಬೆಳೆದ ಸೇವಂತಿಗೆಗೆ ಮಾರ್ಕೆಟ್ ಇಲ್ಲ, ತಿಪ್ಪೆಗೆ ಸುರಿದು ಬಂದಿದ್ದಾನೆ. ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಿದ್ದ ಅಣ್ಣ ಇಎಂಐ ಕಟ್ಟೋಕಾಗದೆ ಊರಿಗೆ ವಾಪಸ್. ಮನೆಗೆ ಮನೆಯೇ ಸಂಕಟದಲ್ಲಿದ್ದಾಗ ಯಾರು ಯಾರಿಗೆ ಸಪೋರ್ಟ್ ಮಾಡೋದು?

ಈ ವಿಷಯ ಎತ್ತಿದ ಕೂಡಲೇ ಎರಡು ಪಾರ್ಟಿ ಎದ್ದು ನಿಲ್ಲುತ್ತವೆ.

ಒಂದನೇ ಪಾರ್ಟಿ ಹಿರಿಯರದ್ದು. 'ನಮ್ಮ ಕಾಲದಲ್ಲಿ ಡಿಪ್ರೆಶನ್ ಅನ್ನೋ ಪದಾನೇ ಇರ್ಲಿಲ್ಲ. ಕೂಡು ಕುಟುಂಬ ಇತ್ತು, ಹಂಚ್ಕೊಂಡು ಬದುಕ್ತಿದ್ವಿ.' ಪದ ಇರ್ಲಿಲ್ಲ, ನಿಜ. ಮನುಷ್ಯ ಇದ್ದ. ಊರಿಗೊಬ್ಬ 'ತಲೆ ಕೆಟ್ಟವನು', ಬಾವಿ ಕಡೆ ಒಬ್ಬಳನ್ನೇ ಕಳಿಸಬಾರದು ಅಂತ ಎಲ್ಲರಿಗೂ ಗೊತ್ತಿದ್ದ ಒಬ್ಬ ಸೊಸೆ, ಗಾಳಿ ಸೋಕಿದೆ ಅಂತ ದೇವಸ್ಥಾನದ ಕಂಬಕ್ಕೆ ಕಟ್ಟಿಸ್ಕೊಂಡ ಒಬ್ಬ ಹುಡುಗ, ಇವರೆಲ್ಲ ಯಾರು? ಕೂಡು ಕುಟುಂಬ ಹಂಚ್ಕೊಂಡಿದ್ದು ಅನ್ನ, ಜಮೀನು, ಕೆಲಸ. ದುಃಖ ಹಂಚ್ಕೊಂಡಿತ್ತು ಅನ್ನೋದಕ್ಕೆ ಆ ಮನೆಯ ಸೊಸೆಯಂದಿರನ್ನ ಸಾಕ್ಷಿಗೆ ಕರೀರಿ, ಆಮೇಲೆ ಮಾತಾಡೋಣ.

ಎರಡನೇ ಪಾರ್ಟಿ ನಮ್ಮದೇ. ಕೋರಮಂಗಲದ ಕೆಫೆಯಲ್ಲಿ ಕೂತು 'ಟಾಕ್ಸಿಕ್ ಪೇರೆಂಟ್ಸ್', 'ಟ್ರಾಮಾ', 'ಬೌಂಡರೀಸ್' ಅಂತ ರೀಲ್ಸ್‌ನಿಂದ ಕಲಿತ ಪದಗಳನ್ನ ಉದುರಿಸೋ ಪಾರ್ಟಿ. ಇವರ ಪ್ರಕಾರ ಹಳ್ಳಿಯ ಅಪ್ಪ ಅಮ್ಮನಿಗೆ ಏನೂ ಅರ್ಥ ಆಗಲ್ಲ, ಅವರಿಂದ ದೂರ ಇದ್ದರೆ ಅರ್ಧ ಕಾಯಿಲೆ ವಾಸಿ. ನಿಜವಾಗಿ ಹಿಂಸೆ ಕೊಡೋ ಮನೆಗಳಿವೆ, ಅಲ್ಲಿಂದ ದೂರ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮೂರು ಎಕರೆ ಒಣ ಜಮೀನಿನಲ್ಲಿ ಮಗಳನ್ನ ಬಿಇ ಓದಿಸ್ತಿರೋ ಅಪ್ಪ 'ಯಾಕಮ್ಮ ಬ್ಯಾಕ್‌ಲಾಗ್?' ಅಂತ ಗದರಿದ ತಕ್ಷಣ ಅವನನ್ನ ಟಾಕ್ಸಿಕ್ ಅನ್ನೋದು ಸೋಮಾರಿತನ. ಆ ಗದರಿಕೆಯ ಹಿಂದೆ ಸೊಸೈಟಿ ಸಾಲದ ನೋಟಿಸ್ ಇದೆ.

ಎರಡೂ ಪಾರ್ಟಿಗೆ ಒಂದು ಅಂಕಿ ತೋರಿಸ್ತೀನಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳ ಸಂಖ್ಯೆ 2019ರಲ್ಲಿ 10,335. ಕಾಲೇಜುಗಳು ಮುಚ್ಚಿ ಮಕ್ಕಳು ಮನೆಗೆ ಬಂದ 2020ರಲ್ಲಿ 12,526. 2021ರಲ್ಲಿ 13,089. ಇದರಲ್ಲಿ ಶಾಲೆ, ಕಾಲೇಜು ಎರಡೂ ಸೇರಿದೆ. ಹೀಗಾಗಲು ಮನೆಯೇ ಕಾರಣ ಅಂತ ಈ ಅಂಕಿ ಹೇಳಲ್ಲ. ಮನೆಯಲ್ಲಿದ್ದಾರೆ ಅಂದಮಾತ್ರಕ್ಕೆ ಕ್ಷೇಮವಾಗಿದ್ದಾರೆ ಅಂತಲೂ ಹೇಳಲ್ಲ. ಅದೇ ಬ್ಯೂರೋ 2021ರಲ್ಲಿ ಎಲ್ಲ ವಯಸ್ಸಿನ ಒಟ್ಟು 1,64,033 ಆತ್ಮಹತ್ಯೆಗಳಲ್ಲಿ ಮೂರನೇ ಒಂದಕ್ಕೆ 'ಕೌಟುಂಬಿಕ ಸಮಸ್ಯೆ' ಅನ್ನೋ ಕಾರಣ ದಾಖಲಿಸಿದೆ. ನೋಡಿ ತಮಾಷೆ. ಭಾಷಣದಲ್ಲಿ ಕುಟುಂಬವೇ ಔಷಧ, ಪೊಲೀಸ್ ಫಾರಂನಲ್ಲಿ ಕುಟುಂಬವೇ ರೋಗ. ಸಾಲ, ಜಾತಿ, ಕಾಲೇಜಿನ ಅವಮಾನ, ಸಿಗದೇ ಹೋದ ಚಿಕಿತ್ಸೆ, ಎಲ್ಲವನ್ನೂ ತುರುಕಬಹುದಾದ ಒಂದು ಕಾಲಂ ಅದು.

ಹಾಗಾದ್ರೆ ಕುಟುಂಬದಿಂದ ಉಪಯೋಗ ಇಲ್ವಾ? ಖಂಡಿತ ಇದೆ. ಅದನ್ನ ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ನಮ್ಮ ದೇಶದವರೇ ಮೊದಲಿಗರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅನ್ನೋ ವೈದ್ಯರು ಆಸ್ಪತ್ರೆಯ ಆವರಣದಲ್ಲೇ ಟೆಂಟ್ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ರೋಗಿಯನ್ನ ತಂದು ಬಿಟ್ಟು ಮರೆತುಹೋಗೋ ಕಾಲ ಅದು. ಮನೆಯವರು ಜೊತೆಗಿದ್ದಾಗ ಚೇತರಿಕೆ ಬೇಗ ಆಯ್ತು, ರೋಗಿಗಳು ವಾಪಸ್ ಮನೆ ಸೇರಿದರು. ಇವತ್ತಿಗೂ ನಮ್ಮ ನಿಮ್ಹಾನ್ಸ್‌ನಲ್ಲಿ ಇಡೀ ಕುಟುಂಬದ ಜೊತೆ ಕೂತು ಚಿಕಿತ್ಸೆ ಕೊಡೋ ಪ್ರತ್ಯೇಕ ಕೇಂದ್ರ ಇದೆ. ಆದ್ರೆ ಗಮನಿಸಿ, ಅಮೃತಸರದಲ್ಲಿ ಮನೆಯವರು ಬಂದದ್ದು ಡಾಕ್ಟರ ಹತ್ತಿರಕ್ಕೆ. 2020ರಲ್ಲಿ ನಾವು ಮಕ್ಕಳನ್ನ ಮನೆಗೆ ಅಟ್ಟಿ, ಡಾಕ್ಟರೂ ಇಲ್ಲ, ಕೌನ್ಸೆಲರೂ ಇಲ್ಲ ಅನ್ನೋ ಹಾಗೆ ಮಾಡಿ, ಅದನ್ನೂ ಫ್ಯಾಮಿಲಿ ಸಪೋರ್ಟ್ ಅಂತಲೇ ಕರೆದ್ವಿ.

ಇನ್ನೊಂದು ಪಾಠ ಲಂಡನ್‌ನಿಂದ ಬಂದದ್ದು. ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1950ರ ದಶಕದಿಂದಲೇ ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆಗೆ ಹೋದವರನ್ನ, ಮುಖ್ಯವಾಗಿ ಸ್ಕಿಜೋಫ್ರೇನಿಯಾ ಇದ್ದವರನ್ನ, ಹಿಂಬಾಲಿಸಿ ನೋಡಿದರು. ಕೆಲವು ಮನೆಗಳಿಗೆ ಹೋದವರು ಮತ್ತೆ ಮತ್ತೆ ಕಾಯಿಲೆ ಬೀಳ್ತಿದ್ದರು. ಆ ಮನೆಗಳಲ್ಲಿ ಕಂಡದ್ದು ಮೂರು: ಸದಾ ಟೀಕೆ, ದ್ವೇಷ, ಮತ್ತು ಅತಿಯಾದ ಕಾಳಜಿ. ಮೂರನೆಯದನ್ನ ಇನ್ನೊಂದು ಸಲ ಓದಿ. ಮುಂದಿನ ಅಧ್ಯಯನಗಳಲ್ಲಿ, ಇಂಥ ಮನೆಯವರ ಎದುರು ವಾರಕ್ಕೆ 35 ಗಂಟೆಗಿಂತ ಹೆಚ್ಚು ಹೊತ್ತು ಇರಬೇಕಾದವರಿಗೆ ಅಪಾಯ ಇನ್ನೂ ಜಾಸ್ತಿ ಅಂತ ಕಂಡುಬಂತು. ವಾರಕ್ಕೆ 35 ಗಂಟೆ! ಲಾಕ್‌ಡೌನಿನ ನಡುಮನೆಯಲ್ಲಿ ಅದು ಮೂರನೇ ದಿನಕ್ಕೇ ಮುಗಿದುಹೋಗ್ತಿತ್ತು.

ಎಲ್ಲ ಕಾಯಿಲೆಗೂ ಇದೇ ಲೆಕ್ಕ ಅಂತ ನಾನು ಹೇಳ್ತಿಲ್ಲ. ಆದ್ರೆ ಆ ಮೂರು ನಮಗೆಲ್ಲ ಪರಿಚಯದ್ದೇ ಅಲ್ವಾ? 'ಹಗಲೆಲ್ಲ ಮಲಗಿರ್ತೀಯ, ಮೊಬೈಲ್ ಒಂದು ಇದ್ರೆ ಸಾಕು' ಅನ್ನೋದು ಟೀಕೆ. 'ನಿನಗೋಸ್ಕರ ತೋಟ ಅಡ ಇಟ್ಟಿದ್ದೀವಿ, ನೀನು ಹಿಂಗಾದ್ರೆ ನಾನು ಬದುಕಿರಲ್ಲ' ಅನ್ನೋದು ಪ್ರೀತಿ. ಎರಡನೆಯದು ಮೊದಲನೆಯದಕ್ಕಿಂತ ಭಾರ. ಬೈಗುಳಕ್ಕೆ ತಿರುಗಿ ಸಿಟ್ಟು ಮಾಡ್ಕೋಬಹುದು. ಈ ಪ್ರೀತಿಗೆ ತಲೆ ತಗ್ಗಿಸೋದು ಬಿಟ್ಟು ಬೇರೆ ದಾರಿಯೇ ಇಲ್ಲ.

ಟಾಕ್ಸಿಕ್ ಪಾರ್ಟಿಯವರಿಗೆ ಒಂದು ವಿಷಯ. ಇದೇ ಅಧ್ಯಯನವನ್ನ 1980ರ ದಶಕದಲ್ಲಿ ಚಂಡೀಗಢದಲ್ಲಿ ಮಾಡಿದಾಗ ಲಂಡನ್ನಿನವರಿಗಿಂತ ನಮ್ಮವರು ಟೀಕಿಸೋದು ಕಡಿಮೆ ಅಂತ ಗೊತ್ತಾಯ್ತು. ಹಳ್ಳಿಯವರಂತೂ ಪೇಟೆಯವರಿಗಿಂತಲೂ ಕಡಿಮೆ. ನನಗೆ ಇದು ಆಶ್ಚರ್ಯ ಅನ್ನಿಸಲಿಲ್ಲ. 2020ರಲ್ಲಿ ನಮ್ಮ ಸಂಬಂಧದಲ್ಲೇ ಒಬ್ಬ ಹುಡುಗ, ಡಿಪ್ಲೊಮಾ ಮುಗಿಸಿ ಬಿಇಗೆ ಸೇರಿದ್ದವನು, ಮಾತು ಬಿಟ್ಟ. ಅಪ್ಪ ಸೋಮಾರಿ ಅಂದರು. ಓದಿದ ನೆಂಟರು ಗೇಮಿಂಗ್ ಅಡಿಕ್ಷನ್ ಅಂದರು. ಶಾಲೆ ಮೆಟ್ಟಿಲು ಹತ್ತದ ಅವನಮ್ಮ ಮಾತ್ರ ಬೇರೇನೋ ಗಮನಿಸಿದ್ದರು. 'ಎರಡನೇ ಮುದ್ದೆ ಕೇಳೋದು ಬಿಟ್ಟವ್ನೆ. ಕರು ಹಾಕೈತೆ ಅಂದ್ರೂ ಎದ್ದು ನೋಡ್ಲಿಲ್ಲ. ಇದು ಸೋಮಾರಿತನ ಅಲ್ಲ' ಅಂದರು. ಬಸ್ ಬಿಟ್ಟ ಮೇಲೆ ಅವನನ್ನ ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋದದ್ದೂ ಅವರೇ. ಅಲ್ಲಿ ವಾರಕ್ಕೊಮ್ಮೆ, ಮಂಗಳವಾರ, ಮನೋಚೈತನ್ಯ ಕ್ಲಿನಿಕ್ಕಿಗೆ ಮಾನಸಿಕ ತಜ್ಞರು ಬರ್ತಾರೆ ಅಂತ ಹೇಳಿದ್ದು ಊರಿನ ಆಶಾ ಕಾರ್ಯಕರ್ತೆ. ವರ್ಷ ಹಿಡೀತು. ಎರಡು ಸಬ್ಜೆಕ್ಟ್ ಹೋಯ್ತು, ಹುಡುಗ ಉಳಿದ.

ಇದನ್ನ ತಾಯಿಯ ಮಹಿಮೆ ಅಂತ ಹೇಳೋಕೆ ಬರೀಲಿಲ್ಲ. ಆ ಸರಪಳಿ ನೋಡಿ. ಗಮನಿಸಿದ ಅಮ್ಮ, ದಾರಿ ತೋರಿಸಿದ ಆಶಾ ಕಾರ್ಯಕರ್ತೆ, ಹೋದ ದಿನ ಅಲ್ಲಿದ್ದ ಡಾಕ್ಟರು, ಪುಕ್ಕಟೆ ಸಿಕ್ಕ ಮಾತ್ರೆ. ಒಂದು ಕೊಂಡಿ ಕಳಚಿದ್ದರೂ ಅಮ್ಮನ ಗಮನಿಕೆ ಅಮ್ಮನ ಹತ್ತಿರವೇ ಕೊಳೀತಿತ್ತು. ಮನೆಗೂ ಒಂದು ಸಪೋರ್ಟ್ ಬೇಕು ಅಂತ ನಾನು ಬಡ್ಕೊಳ್ತಿರೋದು ಇದಕ್ಕೆ. ಇಡೀ ಸರಪಳಿಯಲ್ಲಿ ಆ ಹುಡುಗನ ಕಾಲೇಜು ಎಲ್ಲೂ ಇಲ್ಲ ಅನ್ನೋದನ್ನೂ ನೋಡಿ.

ಮನೆಯೇ ಇಲ್ಲವಾದವರ ಮಾತು ಬಿಡಿ, ಅದನ್ನ ಕೇಳೋರೇ ಇರಲಿಲ್ಲ. ಎರಡನೇ ಅಲೆಯಲ್ಲಿ ಸಾವಿರಾರು ಮಕ್ಕಳು ಅಪ್ಪ ಅಮ್ಮನನ್ನ ಕಳ್ಕೊಂಡರು. ಕೇಂದ್ರ ಸರ್ಕಾರ 2021ರ ಮೇ ಕೊನೆಯಲ್ಲಿ ಪಿಎಂ ಕೇರ್ಸ್ ಮಕ್ಕಳ ಯೋಜನೆ ಪ್ರಕಟಿಸಿತು. ಒಳ್ಳೇದೇ. ಆದ್ರೆ ಅಪ್ಪ ಅಮ್ಮ ಸತ್ತ ದಿನ ಮಗುವಿಗೆ 18 ತುಂಬಿರಬಾರದು ಅನ್ನೋ ಷರತ್ತು. ಅಂದ್ರೆ ಎರಡನೇ ವರ್ಷದ ಬಿಎಸ್ಸಿ ಓದೋ ಹತ್ತೊಂಬತ್ತರ ಹುಡುಗಿ ಯೋಜನೆಯ ಕಣ್ಣಲ್ಲಿ ದೊಡ್ಡವಳು. ಅವಳಿಗೆ ಫೀಸೂ ಇದೆ, ಸಾಲಗಾರರೂ ಇದ್ದಾರೆ, ತಮ್ಮನೂ ಇದ್ದಾನೆ. ಅವಳೇ ಈಗ 'ಮನೆಯವರು'. ಯಾರು ನೋಡ್ಕೋತಾರೆ?

ಈಗ ಕಾಲೇಜುಗಳ ಸರದಿ. ನನ್ನ ನಾಲ್ಕು ವರ್ಷದ ಓದಿನಲ್ಲಿ ಕಾಲೇಜು ನಮ್ಮ ಮನೆಗೆ ಸಂಪರ್ಕ ಮಾಡಿದ್ದು ಎರಡೇ ವಿಷಯಕ್ಕೆ, ಫೀಸು ಮತ್ತು ಅಟೆಂಡೆನ್ಸ್. ಈಗಲೂ ಬಹಳ ಕಡೆ ಅಷ್ಟೇ, ಫೋನ್ ಬದಲು ಆ್ಯಪ್ ಬಂದಿದೆ. ಹಾಜರಾತಿ ಬೀಳೋದು ಎಷ್ಟೋ ಸಲ ಖಿನ್ನತೆಯ ಮೊದಲ ಲಕ್ಷಣ. ಆ ಡೇಟಾ ಕಾಲೇಜಿನ ಕೈಯಲ್ಲೇ ಇದೆ, ಅದನ್ನ ಬಳಸ್ತಿರೋದು ಮಾತ್ರ ದಂಡ ಹಾಕೋಕೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರೋ ಪ್ರತಿ ಸಂಸ್ಥೆಯೂ ಕನಿಷ್ಠ ಒಬ್ಬ ತರಬೇತಾದ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸೋಶಿಯಲ್ ವರ್ಕರನ್ನ ನೇಮಿಸಬೇಕು, ಪೋಷಕರಿಗೂ ಈ ಬಗ್ಗೆ ತಿಳುವಳಿಕೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈ 25ಕ್ಕೆ ಹೇಳಿದೆ. ನೂರಕ್ಕೆ ಒಬ್ಬರಲ್ಲ, ಸಂಸ್ಥೆಗೆ ಕನಿಷ್ಠ ಒಬ್ಬರು. ಅಷ್ಟನ್ನ ಕೋರ್ಟ್ ಹೇಳಬೇಕಾಯ್ತು ಅನ್ನೋದೇ ನಾಚಿಕೆಗೇಡು. ಲ್ಯಾಬ್ ಅಸಿಸ್ಟೆಂಟ್ ಇಲ್ಲದ ಲ್ಯಾಬಿಗೆ ಮಾನ್ಯತೆ ಸಿಗಲ್ಲ ಅಂತ ಇನ್‌ಸ್ಪೆಕ್ಷನ್ ಹಿಂದಿನ ರಾತ್ರಿ ಜನ ಹುಡುಕೋ ಮ್ಯಾನೇಜ್‌ಮೆಂಟುಗಳು, ಈ ಹುದ್ದೆಗೂ ಸಂಜೆ ಫ್ರೀ ಇರೋ ಇಂಗ್ಲಿಷ್ ಮೇಡಂ ಹೆಸರು ಬರೆದು ಬೋರ್ಡ್ ಹಾಕದಿರಲಿ.

ಕೊನೆಗೆ ನಾವು. ಇದನ್ನ ಓದ್ತಿರೋ ನಿಮ್ಮಲ್ಲಿ ಬಹಳ ಜನ ನನ್ನ ಹಾಗೇ, ಊರಿನಿಂದ ಬಂದು ಇಲ್ಲಿ ಸಂಬಳ ಎಣಿಸ್ತಿರೋರು. ತಮ್ಮನ ಫೀಸು, ತಂಗಿಯ ಪಿಜಿ ಬಾಡಿಗೆ, ಚಿಕ್ಕಪ್ಪನ ಮಗನ ಲ್ಯಾಪ್‌ಟಾಪ್ ಇಎಂಐ ನಮ್ಮದೇ ಅಕೌಂಟಿನಿಂದ ಹೋಗುತ್ತೆ. 'ಮನೆಯವರು ನೋಡ್ಕೋತಾರೆ' ಅನ್ನೋ ವಾಕ್ಯದಲ್ಲಿ ಮನೆಯವರು ಅಂದ್ರೆ ಈಗ ನಾವೇ. ಟಾಕ್ಸಿಕ್ ಪೇರೆಂಟ್ಸ್ ಬಗ್ಗೆ ಭಾಷಣ ಮಾಡೋ ವಯಸ್ಸು ದಾಟಿ, ನಾವೇ ಪೇರೆಂಟ್ ಜಾಗದಲ್ಲಿ ಕೂತಾಗಿದೆ. ಅಲ್ಲಿ ಕೂತು ನಾವೇನು ಕೇಳ್ತಿದ್ದೀವಿ? 'ಎಷ್ಟು ಸಿಜಿಪಿಎ? ಲೀಟ್‌ಕೋಡ್ ಮಾಡ್ತಿದ್ದೀಯಾ? ಮಾರ್ಕೆಟ್ ಸರಿ ಇಲ್ಲ, ಈಗ್ಲೇ ಎಐ ಕಲಿ.' ಅಪ್ಪ ತೋಟ ಅಡ ಇಟ್ಟ ಲೆಕ್ಕ ಹೇಳ್ತಿದ್ದರು, ನಾವು ಪ್ಯಾಕೇಜ್ ಲೆಕ್ಕ ಹೇಳ್ತೀವಿ. ಭಾಷೆ ಬದಲಾಯ್ತು, ಭಾರ ಅಷ್ಟೇ ಇದೆ.

'ಹಾಗಾದ್ರೆ ಏನೂ ಕೇಳಬಾರದಾ? ದುಡ್ಡು ಕೊಡೋರು ನಾವು' ಅಂತೀರಿ. ಕೇಳಿ. ಫೀಸಿನ ಮಾತು ಬೇರೆ ದಿನ ಆಡಿ, ಅವರ ಮಾತು ಬೇರೆ ದಿನ ಕೇಳಿ, ಒಂದೇ ಫೋನ್ ಕಾಲಿನಲ್ಲಿ ಎರಡನ್ನೂ ಕಲಸಬೇಡಿ. ನಿದ್ದೆ, ಊಟ, ಸ್ನೇಹಿತರು, ಈ ಮೂರರಲ್ಲಿ ಎರಡು ವಾರದಿಂದ ಏನಾದ್ರೂ ಬದಲಾಗಿದ್ದರೆ ಉಪದೇಶ ಮಾಡಬೇಡಿ, ಊರಿಗೋ ಹಾಸ್ಟೆಲಿಗೋ ಬಸ್ ಹತ್ತಿ. 'ಸಾಯಬೇಕು ಅನ್ನಿಸ್ತಿದೆಯಾ?' ಅಂತ ನೇರವಾಗಿ ಕೇಳೋಕೆ ಹೆದರಬೇಡಿ. ಕೇಳಿದರೆ ಆ ಯೋಚನೆ ಹೊಸದಾಗಿ ತಲೆಗೆ ಬರಲ್ಲ, ಹೇಳ್ಕೊಳ್ಳೋಕೆ ಬಾಗಿಲು ತೆರೆಯುತ್ತೆ. ಹೌದು ಅಂದ್ರೆ ಒಂಟಿಯಾಗಿ ಬಿಡಬೇಡಿ, ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿ ಇದೆ, ನಂಬರ್ 14416, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ, ಪುಕ್ಕಟೆ. ಮನೆಯವರೂ ಫೋನ್ ಮಾಡಿ 'ನಮ್ಮ ಹುಡುಗ ಹೀಗಿದ್ದಾನೆ, ಏನು ಮಾಡ್ಲಿ?' ಅಂತ ಕೇಳಬಹುದು. ಪೊಲೀಸ್ ಕೇಸಾಗುತ್ತೆ ಅನ್ನೋ ಹೆದರಿಕೆ ಊರಲ್ಲಿ ಇನ್ನೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು ಅನ್ನೋದು ನಿಯಮ. ಇದನ್ನ ಅಪ್ಪ ಅಮ್ಮನಿಗೆ ಅರ್ಥ ಮಾಡಿಸೋ ಕೆಲಸವೂ ನಮ್ಮದೇ, ಯಾಕಂದ್ರೆ ಅವರು ನಂಬೋದು ನಮ್ಮನ್ನ.

ಕೋವಿಡ್ ಮುಗೀತು, ಕ್ರೈಸಿಸ್ ಮುಗಿದಿಲ್ಲ. ಬರ ಬರುತ್ತೆ, ನೆರೆ ಬರುತ್ತೆ, ಪ್ಲೇಸ್‌ಮೆಂಟ್‌ಗೆ ಕಂಪನಿಗಳೇ ಬಾರದ ವರ್ಷ ಬರುತ್ತೆ. ಆಗಲೂ ಯಾವುದೋ ಮೀಟಿಂಗಿನಲ್ಲಿ ಯಾರೋ ಫೈಲ್ ಮುಚ್ಚುತ್ತಾ ಇದೇ ಮಾತು ಹೇಳ್ತಾರೆ. ಅವತ್ತು ಆ ಮೀಟಿಂಗಿನಲ್ಲಿ ನೀವಿದ್ದರೆ ಸುಮ್ಮನೆ ತಲೆ ಆಡಿಸಬೇಡಿ. ಯಾವ ಮನೆ, ಅಲ್ಲಿ ಯಾರಿದ್ದಾರೆ, ಅವರ ಕೈಯಲ್ಲಿ ಏನಿದೆ, ನೀವೇನು ಕೊಟ್ಟು ಕಳಿಸ್ತೀರಿ ಅಂತ ಕೇಳಿ. ಉತ್ತರ ಬರೋವರೆಗೆ ಫೈಲ್ ಮುಚ್ಚೋಕೆ ಬಿಡಬೇಡಿ.